ಎದುರು ಬರುವವರು

ನಾನು ಬಿಬಿಎ ಸೇರಿದ್ದು ಒಂದೇ ಆಸೆಯಿಂದ. ಅಪ್ಪನ ಜೊತೆ ಆಂಧ್ರದ ಗಡಿಯ ನಮ್ಮ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೋಗಬೇಕು, ರಾಶಿಯ ಮುಂದೆ ನಿಂತು ದರ ಹೇಳಬೇಕು. ನಮ್ಮದು ಅಜ್ಜನ ಕಾಲದಿಂದ ಹತ್ತಿ ಕೊಳ್ಳುವ ಮನೆ. ಅಪ್ಪ ಹೋಗುತ್ತಾರೆ, ಚಿಕ್ಕಪ್ಪ ಹೋಗುತ್ತಾರೆ, ಮೀಸೆ ಚಿಗುರುವ ಮೊದಲೇ ಅಣ್ಣನೂ ಹೋದ. ಹೆಂಗಸರಾದ ನಾವು ಅವರ ಅಂಗಿಗೆ ಅಂಟಿದ ಹತ್ತಿಯ ಎಳೆಗಳನ್ನು ಕಿತ್ತು ಒಗೆಯಬೇಕು. ಹತ್ತಿಗೂ ನಮಗೂ ಅಷ್ಟೇ ಸಂಬಂಧ. ಈ ವಿಷಯಕ್ಕೆ ನನಗೆ ಚಿಕ್ಕಂದಿನಿಂದ ಮೈಯೆಲ್ಲ ಉರಿ.

ಅಪ್ಪ ಕೆಟ್ಟವರಲ್ಲ. ಅವರಿಗೆ ಕೆಲವು ನಂಬಿಕೆಗಳು, ಅಷ್ಟೇ. ಮಾರ್ಕೆಟ್ಟಿನಲ್ಲಿ ಸಾಲಾಗಿ ಸುರಿದ ರಾಶಿಗಳನ್ನು ಗೇಟಿನ ಕಡೆಯಿಂದಲೇ ನೋಡುತ್ತಾ ಹೋಗಬೇಕು, ಹಿಂದಿನ ತುದಿಯಿಂದ ಶುರು ಮಾಡಿದರೆ ಆ ದಿನದ ವ್ಯಾಪಾರ ಕೈಕೊಡುತ್ತದೆ ಎಂದು ಅಜ್ಜ ಹೇಳಿದ್ದರಂತೆ. ಅಪ್ಪ ಅದನ್ನು ಒಂದು ದಿನವೂ ಮೀರಿದವರಲ್ಲ. ಗೇಟಿನ ಹತ್ತಿರ ಲಾರಿ ಅಡ್ಡ ನಿಂತಿದ್ದರೆ ಅದು ಸರಿಯುವವರೆಗೂ ಬಿಸಿಲಲ್ಲಿ ಕಾಯುತ್ತಾರೆ. ಹೆಣ್ಣುಮಕ್ಕಳು ಮಾರ್ಕೆಟ್ಟಿಗೆ ಬರಬಾರದೆಂಬುದೂ ಅಂಥದೇ ಒಂದು ನಂಬಿಕೆ. ಕೇಳಿದರೆ ಕಾರಣ ಹೇಳಲು ಬರುತ್ತಿರಲಿಲ್ಲ, ಬಿಡಲೂ ಬರುತ್ತಿರಲಿಲ್ಲ.

ಮೂರನೇ ವರ್ಷದ ಹೊತ್ತಿಗೆ ನನ್ನ ಕಾಟ ತಾಳಲಾರದೆ ಅಪ್ಪ ಒಂದು ಮಾತು ಕೊಟ್ಟರು. ನಮ್ಮ ಕಾಲೇಜಿನಲ್ಲಿ ಕೊನೆಯ ಪ್ರಾಜೆಕ್ಟನ್ನು ಊರಿನ ವ್ಯಾಪಾರಸ್ಥರ ಮುಂದೆ ನಿಂತು ಒಪ್ಪಿಸಬೇಕಿತ್ತು. ಪಾಠ ಓದಿದವರು ವ್ಯಾಪಾರ ಮಾಡುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿ ಎಂಬುದು ನಮ್ಮ ಮೇಡಂ ಅವರ ಹಟ. ಹಾಗಾಗಿ ಮಾರ್ಕೆಟ್ಟಿನ ಸಾಹುಕಾರರಿಗೆಲ್ಲ ಕರೆ ಹೋಗಿತ್ತು, ಅಪ್ಪನಿಗೂ.

ಅಪ್ಪ ಊಟದ ತಟ್ಟೆಯಿಂದ ಮುಖ ಎತ್ತದೆ ಹೇಳಿದರು. "ಆ ಮಂದಿ ಮುಂದ ನಿಂತು ಮಾತಾಡಿ ತೋರ್ಸು. ಮಾತಾಡಿದಿ, ಮಾರ್ಕೆಟ್ಟಿಗೆ ಕರ್ಕೊಂಡು ಹೋಗ್ತೀನಿ. ಬಾಯಿ ಕಟ್ಟಿತು, ಈ ಮಾತು ಮತ್ತ ಎತ್ತಬಾರದು."

ನನಗೆ ನಗು ಬಂತು. ಬಾಯಿಬಡುಕಿ ಎಂದು ಓಣಿಯಲ್ಲೆಲ್ಲ ಹೆಸರಾದವಳು ನಾನು. ಬಾಯಿ ಕಟ್ಟುವುದೆಂದರೇನೆಂದೇ ನನಗೆ ಗೊತ್ತಿರಲಿಲ್ಲ.

ಪ್ರಾಜೆಕ್ಟಿಗೆ ಇಬ್ಬಿಬ್ಬರ ಜೋಡಿ. ನನ್ನ ಪಾಲಿಗೆ ಬಂದವಳು ಹಾಲಹರವಿ ಕಡೆಯ ಹುಡುಗಿ. ದಿನಾ ಬಸ್ಸಿಗೆ ಬಂದು ಹೋಗುವವಳು. ಮನೆಯಲ್ಲಿ ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಶಾಲೆಯೆಲ್ಲ ಕನ್ನಡದಲ್ಲೇ ಓದಿದ್ದರಿಂದ ತೆಲುಗಿನ ಪಾಠಕ್ಕೂ ಇಂಗ್ಲಿಷಿನ ಪುಸ್ತಕಕ್ಕೂ ನಡುವೆ ಆಕೆ ಮೂರು ವರ್ಷ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಆಕೆಯ ಧ್ವನಿ ಕೇಳಿದವರು ಕಡಿಮೆ. ನನಗೋ ಒಳಗೊಳಗೇ ಖುಷಿ. ಮಾತೆಲ್ಲ ನನ್ನದೇ ಆಗುತ್ತದಲ್ಲ.

ನಮಗೆ ಸಿಕ್ಕ ವಿಷಯ ಸಮನ್ವಯ. ಹತ್ತಾರು ಜನ ಸೇರಿ ಒಂದು ಕೆಲಸ ಮಾಡುವಾಗ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೊಂದಿಕೊಳ್ಳುವುದು ಹೇಗೆ ಎಂಬುದು. ಅದರ ವಿಧಗಳು, ತತ್ವಗಳು, ಲಾಭಗಳು, ಎಲ್ಲ ನನಗೆ ನಿದ್ದೆಯಲ್ಲೂ ಬಾಯಿಪಾಠ. ಎಮ್ಮಿಗನೂರಿನ ನೇಕಾರರ ಸಂಘಕ್ಕೆ ಹೋಗೋಣ ಎಂದೆ. ಮೇಡಂ ಬೇಡವೆಂದರು. ಮ್ಯಾನೇಜರೇ ಇಲ್ಲದ ಕಡೆ ಸಮನ್ವಯ ಹೇಗಿರುತ್ತದೆಂದು ಹುಡುಕಿಕೊಂಡು ಬನ್ನಿ ಎಂದು ಕಳಿಸಿದರು. ಮ್ಯಾನೇಜರಿಲ್ಲದ ಕಡೆ ಏನಿರುತ್ತದೆ, ಮಣ್ಣು ಎಂದು ನಾನು ಕಾರಿಡಾರಿನಲ್ಲೇ ಗೊಣಗಿದೆ. ಹಾಲಹರವಿಯವಳು ನಮ್ಮೂರಲ್ಲಿ ಈಗ ಶೇಂಗಾದ ಕಳೆ ತೆಗೆಯುತ್ತಿದ್ದಾರೆ, ಬರುತ್ತೀಯಾ ಎಂದು ಮೆಲ್ಲಗೆ ಕೇಳಿದಳು. ನಾನು ಮೂಗು ಮುರಿದೆ. ಬೇರೆ ದಾರಿ ಇರಲಿಲ್ಲವಾದ್ದರಿಂದ ಹೋದೆ.

ಆ ಬೆಳಿಗ್ಗೆಯನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಕಣ್ಣು ಹಾಯುವವರೆಗೂ ಕರಿನೆಲ, ಅದರ ಮೇಲೆ ಹಸಿರು ಗೆರೆಗಳು. ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದರು. ಯಾರಿಗೆ ಯಾವ ಸಾಲು ಎಂದು ಯಾರೂ ಹೇಳಲಿಲ್ಲ. ಯಾರೂ ಶುರು ಎನ್ನಲಿಲ್ಲ. ಎಲ್ಲರ ಕೈಯ ಕಳೆ ಕೀಳುವ ಕುರ್ಚಿಗಿಗಳೂ ಒಂದೇ ಸಲ ನೆಲಕ್ಕಿಳಿದವು. ನಾನು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಸುಮ್ಮನೆ ಬದುವಿನ ಮೇಲೆ ಕೂರಬಹುದಿತ್ತು. ಆದರೆ ಗೆಳತಿಯ ಅವ್ವ ಒಂದು ಕುರ್ಚಿಗಿ ನನ್ನ ಕೈಗೂ ಕೊಟ್ಟರು. ನಾನೂ ಜಂಬದಿಂದ ಒಂದು ಸಾಲು ಹಿಡಿದೆ.

ಸ್ವಲ್ಪ ಹೊತ್ತಿಗೇ ನಾನು ಹಿಂದೆ ಬಿದ್ದೆ. ಮೊದಲು ಅವರ ಬೆನ್ನು ಕಾಣುತ್ತಿತ್ತು, ಆಮೇಲೆ ತಲೆಯ ಮೇಲಿನ ಸೆರಗಷ್ಟೇ, ಆಮೇಲೆ ಅದೂ ಇಳಿಜಾರಿನಲ್ಲಿ ಮರೆಯಾಯಿತು. ಮೊಣಕಾಲು ಹಿಡಿದುಕೊಂಡಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರೆಲ್ಲ ಬದು ಮುಟ್ಟಿ ನೀರು ಕುಡಿಯುತ್ತಾ ಸಾಹುಕಾರರ ಮಗಳನ್ನು ಆಡಿಕೊಂಡು ನಗುತ್ತಿರಬೇಕು ಎಂದುಕೊಂಡೆ.

ಆಗ ಎದುರಿಗೆ ಮಣ್ಣು ಕೆರೆಯುವ ಸದ್ದು ಕೇಳಿತು. ತಲೆ ಎತ್ತಿದರೆ ನನ್ನದೇ ಸಾಲಿನ ಆ ತುದಿಯಿಂದ ಗೆಳತಿಯ ಅವ್ವ ನನ್ನ ಕಡೆ ಮುಖ ಮಾಡಿ ಕಳೆ ಕೀಳುತ್ತಾ ಬರುತ್ತಿದ್ದರು. ಆಚೆ ಕಡೆ ಒಬ್ಬ ಬಸುರಿ ಹೆಂಗಸಿನ ಸಾಲಿಗೂ ಇನ್ಯಾರೋ ಹಾಗೆಯೇ ಎದುರು ಬರುತ್ತಿದ್ದರು. ನಾನು ಗಡಬಡಿಸಿ ಕುರ್ಚಿಗಿ ಆಡಿಸತೊಡಗಿದೆ.

"ಅವಸರ ಮಾಡಬ್ಯಾಡ. ನೀ ನಿನ್ನ ಪಾಡಿಗೆ ಬಾ. ನಾ ಬರಾಕತ್ತೀನಿ," ಎಂದರು ಆಕೆ.

ಏನಾಯಿತೋ ಗೊತ್ತಿಲ್ಲ, ಆ ಮಾತು ಕೇಳಿದ ಮೇಲೆ ಕೈ ತಾನಾಗಿ ಓಡಿತು. ಒಬ್ಬರು ನಮ್ಮ ಕಡೆ ಬರುತ್ತಿದ್ದಾರೆ ಎಂದು ಕಣ್ಣಿಗೆ ಕಂಡರೆ ನೋವು ಅರ್ಧ ಮರೆತುಹೋಗುತ್ತದೆ. ಸಾಲಿನ ನಡುವೆ ಇಬ್ಬರೂ ಎದುರಾದೆವು. ಆಕೆ ಎದ್ದು ಮಂಡಿಯ ಮಣ್ಣು ಕೊಡವಿ, ಏನೂ ಆಗಲಿಲ್ಲವೆಂಬಂತೆ ಮುಂದಿನ ಸಾಲಿಗೆ ಹೊರಟುಹೋದರು. ನಾನು ಅಲ್ಲೇ ನಿಂತೆ. ದೇವರ ಗುಡಿಯಲ್ಲೂ ನಾನು ಅಷ್ಟು ಸುಮ್ಮನೆ ನಿಂತವಳಲ್ಲ.

ಮಧ್ಯಾಹ್ನ ರೊಟ್ಟಿ ತಿನ್ನುವಾಗ ಗೆಳತಿಯನ್ನು ಕೇಳಿದೆ, ನನ್ನ ಹಿಂದೆಯೋ ಪಕ್ಕಕ್ಕೋ ಬಂದು ಕೈಹಚ್ಚಬಹುದಿತ್ತಲ್ಲ ಎಂದು. ಆಕೆ ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು. "ಹಿಂದ ಬಂದ್ರ ದೂಡಿದಂಗ ಆಗ್ತತಿ. ಹಿಂದ ಬಿದ್ದಾಕಿಗೆ ಎದುರ ಹೋಗಬೇಕು. ನಮ್ಮ ಕಡೆ ಹಂಗ," ಎಂದಳು.

ಇದನ್ನೇ ಪ್ರಾಜೆಕ್ಟ್ ಮಾಡಿದೆವು. ಲ್ಯಾಬಿನಲ್ಲಿ ಕೂತು ಸ್ಲೈಡು ಜೋಡಿಸಿದೆವು. ಮೊದಲಿನ ಪೀಠಿಕೆ, ವ್ಯಾಖ್ಯೆ, ತತ್ವಗಳು, ಹೊಲದ ವಿವರಣೆ ಎಲ್ಲ ನನಗೆ. ನಡುವೆ ಹೆಂಗಸರ ಸಾಲಿನ ಒಂದು ದೊಡ್ಡ ಫೋಟೋ. ಕೊನೆಯ ಸ್ಲೈಡು, ಅಂದರೆ ಸಾರಾಂಶದ ಎರಡು ಮಾತು, ಆಕೆಗೆ. ಅಷ್ಟಕ್ಕೇ ಆಕೆ ಹೆದರಿದ್ದಳು. ನಾನಿದ್ದೇನಲ್ಲ ಎಂದು ಧೈರ್ಯ ಹೇಳಿದವಳು ನಾನು.

ಆ ದಿನ ಸೆಮಿನಾರ್ ಹಾಲಿನ ಮುಂದಿನ ಸಾಲಿನಲ್ಲಿ ಬಿಳಿ ಅಂಗಿಗಳು, ವಿಭೂತಿಯ ಹಣೆಗಳು. ಎಲ್ಲರೂ ನಾನು ಮಾಮ, ಕಾಕಾ ಎಂದು ಕರೆಯುವವರೇ. ನಡುವೆ ಅಪ್ಪ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಕರ್ನೂಲಿನಿಂದ ಬಂದ ಪರೀಕ್ಷಕರು. ನಾನು ಮೈಕಿನ ಮುಂದೆ ನಿಂತು ಗುಡ್ ಮಾರ್ನಿಂಗ್ ಎಂದೆ. ಆಮೇಲೆ ಅಪ್ಪನ ಮುಖ ನೋಡಿದೆ. ಅಪ್ಪ ಹೆದರಿದ್ದರು. ನನಗಿಂತ ಹೆಚ್ಚು ಹೆದರಿದ್ದರು. ಅದನ್ನು ನೋಡಿದ್ದೇ ತಡ, ನನ್ನ ಇಂಗ್ಲಿಷೂ ಹೋಯಿತು, ತೆಲುಗೂ ಹೋಯಿತು, ಹುಟ್ಟಿದ ಭಾಷೆಯೂ ಹೋಯಿತು. ಬಾಯಿ ತೆರೆದರೆ ಗಾಳಿ. ಮಾರ್ಕೆಟ್ಟು ಮುಗಿಯಿತು, ನನ್ನ ಕತೆ ಮುಗಿಯಿತು ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಯಾರೋ ಕೆಮ್ಮಿದರು. ಮೇಡಂ ಕುರ್ಚಿಯಲ್ಲಿ ಚಡಪಡಿಸಿದರು.

ಲ್ಯಾಪ್‌ಟಾಪಿನ ಹತ್ತಿರ ನಿಂತಿದ್ದ ಹಾಲಹರವಿಯವಳು ಏನೋ ಒತ್ತಿದಳು. ಪರದೆಯ ಮೇಲೆ ನನ್ನ ಸ್ಲೈಡು ಹೋಗಿ ಕೊನೆಯ ಸ್ಲೈಡು ಬಂತು. ಆಕೆ ಅಲ್ಲಿಂದಲೇ, ಮೈಕೂ ಇಲ್ಲದೆ, ಸಾರಾಂಶ ಹೇಳತೊಡಗಿದಳು. ಒಂದು ಮಾತು ಇಂಗ್ಲಿಷು, ಎರಡು ತೆಲುಗು, ಸಿಗದ ಕಡೆ ಕನ್ನಡ. ಅದು ಮುಗಿದದ್ದೇ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು. ನಾನು ಹೇಳಬೇಕಾಗಿದ್ದ ಹೊಲದ ವಿವರಣೆಯನ್ನು ತಿರುವುಮುರುವಾಗಿ ಹೇಳುತ್ತಾ ಆಕೆ ನನ್ನನ್ನೇ ನೋಡುತ್ತಿದ್ದಳು. ಮೂರು ವರ್ಷದಲ್ಲಿ ತರಗತಿಯಲ್ಲಿ ಒಂದು ವಾಕ್ಯ ಆಡದವಳು. ಧ್ವನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಇವಳು ಗಾಬರಿಯಲ್ಲಿ ಕ್ರಮ ತಪ್ಪುತ್ತಿಲ್ಲ, ನನ್ನ ಸಾಲಿಗೆ ಎದುರು ಬರುತ್ತಿದ್ದಾಳೆ ಎಂದು ನನಗೆ ಹೊಳೆದಾಗ ಕಣ್ಣು ತುಂಬಿ ಬಂತು.

ಹೆಂಗಸರ ಸಾಲಿನ ಫೋಟೋ ಬಂದಾಗ ನನಗೆ ಮಾತು ಬಂತು. ಆಗ ನಾನು ಹಿಡಿದೆ. ಆಕೆ ಸುಮ್ಮನಾದಳು, ನಾನು ಮೊದಲಿನಿಂದ ಶುರು ಮಾಡಿ ಅದೇ ಫೋಟೋಗೆ ಬಂದು ಮುಗಿಸಿದೆ. ಪರೀಕ್ಷಕರು ಇದ್ಯಾವ ಕ್ರಮ ಎಂದು ಹುಬ್ಬೇರಿಸಿ ಕೇಳಿದರು. ಗೆಳತಿ ತೆಲುಗಿನಲ್ಲಿ ಮೆಲ್ಲಗೆ, ಸರ್, ನಮ್ಮ ಪ್ರಾಜೆಕ್ಟೇ ಇದು ಎಂದಳು. ಆಮೇಲೆ ಮೇಡಂ ಕೈ ತಟ್ಟಿದರು.

ಅಪ್ಪ ಸ್ಕೂಟರಿನಲ್ಲಿ ಮನೆಗೆ ಕರೆತಂದರು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಆ ಹುಡುಗಿ ಯಾವೂರಾಕಿ ಎಂದು ಕೇಳಿದರು, ಹೇಳಿದೆ. "ನೀ ನಿಂತುಬಿಟ್ಟಿದ್ದಿ," ಎಂದರು. ನಾನು ಹೂಂ ಎಂದೆ. ಅಷ್ಟೇ. ಮಾತು ಮಾತೇ, ಆ ಸುದ್ದಿ ನಾನು ಮತ್ತೆ ಎತ್ತಲಿಲ್ಲ. ಪಾಸಾದೆ, ಒಳ್ಳೆಯ ಅಂಕವೇ ಬಂತು. ಆದರೆ ಅಂಕಪಟ್ಟಿಯನ್ನು ಟ್ರಂಕಿನ ತಳಕ್ಕೆ ಸೇರಿಸಿಬಿಟ್ಟೆ. ಹೊಸ ಹತ್ತಿ ಬರತೊಡಗಿತು, ಮತ್ತೆ ಅಂಗಿಗಳಿಂದ ಎಳೆ ಕೀಳತೊಡಗಿದೆ.

ಒಂದು ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನಿಂತವರು, ಒಳಗೆ ನೋಡದೆ, "ಬರ್ತೀಯೇನು?" ಎಂದರು. ಅವ್ವನ ಕೈಯ ಸೌಟು ಅಲ್ಲೇ ನಿಂತಿತು. ನಾನು ಹೇಗೆ ಓಡಿದೆನೋ ನೆನಪಿಲ್ಲ.

ಮಾರ್ಕೆಟ್ಟು ನಾನು ಎಣಿಸಿದ್ದಕ್ಕಿಂತ ದೊಡ್ಡದು. ಹತ್ತಿ, ಹತ್ತಿ, ಎಲ್ಲಿ ನೋಡಿದರೂ ಹತ್ತಿ. ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಈಗ ದರವನ್ನು ಫೋನಿನಲ್ಲೇ ಹಾಕುತ್ತಾರೆ, ಆದರೂ ರಾಶಿಯ ಮುಂದೆ ನಿಂತು ಬಾಯಲ್ಲಿ ಒಂದು ಮಾತು ಹೇಳದಿದ್ದರೆ ರೈತರು ಬಿಡುವುದಿಲ್ಲ. ಗೇಟಿನ ಹತ್ತಿರದ ಮೊದಲ ರಾಶಿಯ ಮುಂದೆ ಅಪ್ಪ ನನ್ನನ್ನು ನಿಲ್ಲಿಸಿದರು. ಕೌತಾಳಂ ಕಡೆಯ ರೈತರೊಬ್ಬರದು ಅದು. ಕೈ ಹಾಕಿ ಒಂದು ತೊಳೆ ತೆಗೆದೆ, ಎಳೆ ಜಗ್ಗಿ ನೋಡಿದೆ. ಒಳ್ಳೆಯ ಮಾಲು. ದರ ಮನಸ್ಸಿನಲ್ಲಿತ್ತು. ಸುತ್ತ ಗಂಡಸರೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು. ರೈತರು ತೆಲುಗಿನಲ್ಲಿ ಚೆಪ್ಪಮ್ಮಾ, ದರ ಹೇಳಮ್ಮಾ ಎಂದರು. ನನ್ನ ಬಾಯಿ ಮತ್ತೆ ಕಟ್ಟಿತು. ಸಹಾಯಕ್ಕೆಂದು ಪಕ್ಕಕ್ಕೆ ತಿರುಗಿದರೆ ಅಪ್ಪ ಅಲ್ಲಿರಲಿಲ್ಲ.

ಬಿಟ್ಟು ಹೋದರು ಎಂದುಕೊಂಡೆ. ಕಣ್ಣಲ್ಲೇ ಹುಡುಕಿದೆ. ಸಾಲಿನ ಆ ತುದಿಯಲ್ಲಿ, ಕಟ್ಟಕಡೆಯ ರಾಶಿಯ ಹತ್ತಿರ, ಅಪ್ಪ ಬಗ್ಗಿ ಹತ್ತಿಗೆ ಕೈ ಹಾಕುತ್ತಿದ್ದರು. ಅಜ್ಜನ ಕಾಲದಿಂದ ಈ ಮನೆಯ ಯಾರೂ ಶುರು ಮಾಡದ ತುದಿ ಅದು. ಅಪ್ಪ ದರ ಹೇಳಿದರು, ಎದ್ದರು, ನನ್ನ ಕಡೆಯ ಮುಂದಿನ ರಾಶಿಗೆ ಬಂದರು. ಗುರುತಿನ ವ್ಯಾಪಾರಿಯೊಬ್ಬರು ಏನ್ರೀ ಸಾವ್ಕಾರ್ರ, ಇವತ್ತು ಉಲ್ಟಾ ಹೊಂಟೀರಿ ಎಂದು ನಗುತ್ತಾ ಕೂಗಿದರು.

ಅಪ್ಪ ತಲೆ ಎತ್ತದೆ ಹೇಳಿದ್ದು ಈ ತುದಿಗೂ ಕೇಳಿಸಿತು. "ನನ್ನ ಮಗಳು ಆ ಕಡಿಂದ ಬರಾಕತ್ಯಾಳ."

ನಾನು ರೈತರ ಕಡೆ ತಿರುಗಿ ದರ ಹೇಳಿದೆ. ಆಮೇಲೆ ಎರಡನೇ ರಾಶಿಗೆ ಹೋದೆ.