ಕಿಟಕಿಯಲ್ಲಿಟ್ಟ ಕುಸುಬಿ ಎಣ್ಣೆ

ಜೇವರ್ಗಿಯಲ್ಲಿರುವ ನನ್ನ ಸೋದರಮಾವನಿಗೆ ನಿವೃತ್ತಿಯಾದ ಮೇಲೆ ಮೊಬೈಲಿನಿಂದ ವೈದ್ಯಜ್ಞಾನ ಬಂತು. ಹುಟ್ಟಿದಾಗಿನಿಂದ ತಿಂದ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವಿದೆ, ‘ಇ’ ಜೀವಸತ್ವವಿದೆ, ಅದು ಆ್ಯಂಟಿಆಕ್ಸಿಡೆಂಟ್ ಎಂದು ತಿಳಿದಂದಿನಿಂದ ಅವರು ಅದನ್ನು ಎಣ್ಣೆ ಎನ್ನುವುದನ್ನೇ ಬಿಟ್ಟರು. ಔಷಧಿ ಎನ್ನುತ್ತಿದ್ದರು. ಗಾಣದಿಂದ ತಂದದ್ದನ್ನು ಅತ್ತೆಯ ಸ್ಟೀಲ್ ಡಬ್ಬಿಯಿಂದ ಗಾಜಿನ ಬಾಟಲಿಗೆ ಸುರಿದು, ಬಂದವರಿಗೆಲ್ಲ ಕಾಣಲೆಂದು ಪಡಸಾಲೆಯ ಕಿಟಕಿಯಲ್ಲಿಟ್ಟರು. ನಮ್ಮ ಕಡೆಯ ಬೇಸಿಗೆಯ ಬಿಸಿಲು ದಿನವಿಡೀ ಅದರ ಮೇಲೆ ಬೀಳುತ್ತಿತ್ತು. ಬಂಗಾರದ ಹಾಗೆ ಹೊಳೆಯುತ್ತಿತ್ತು, ಸುಳ್ಳಲ್ಲ.

ಅವರ ಮಗಳು ಆಹಾರ ವಿಜ್ಞಾನ ಓದಿದವಳು. “ಅಪ್ಪಾ, ಬೆಳಕು, ಬಿಸಿ ತಾಗಿದ್ರ ಈ ಎಣ್ಣಿ ಲಗೂನ ಕೆಡ್ತದ. ನೀ ಹೇಳೋ ಆ ಜೀವಸತ್ವ ಎಣ್ಣಿ ಕೆಡದಂಗ ಕಾಯೋದ್ರಾಗೇ ಖರ್ಚಾಗಿ ಹೋಗ್ತದ,” ಎಂದಳು.

ಮಾವ ನಕ್ಕರು. “ನೀ ಓದಿದ್ದು ಪರೀಕ್ಷಾಕ್ಕ. ನಾ ಓದಾಕತ್ತಿದ್ದು ಆರೋಗ್ಯಕ್ಕ.”

ಆ ಬೇಸಿಗೆಯಲ್ಲೇ ಅಫಜಲಪುರದವರು ಅವಳನ್ನು ನೋಡಲು ಬಂದರು. ನಾನೂ ಆಳಂದದಿಂದ ಹೋಗಿದ್ದೆ. ಕರಿದದ್ದೇನೂ ಬೇಡವೆಂದು ಮಾವ ತಾವೇ ಬಾಟಲಿ ಬಗ್ಗಿಸಿ, ಹಸಿ ಎಣ್ಣೆಯಲ್ಲಿ ಚುರುಮುರಿ ಹಚ್ಚಿಸಿದರು. ಚುರುಮುರಿಗಿಂತ ಮೊದಲು ಅದರ ಕಮಟು ವಾಸನೆ ಪಡಸಾಲೆಗೆ ಬಂತು. ಹುಡುಗನ ತಂದೆ ಒಂದು ತುತ್ತು ತಿಂದು “ಛಲೋ ಆಗೇದ್ರಿ” ಎಂದರು. ತಾಯಿ ನೀರು ಕೇಳಿದರು. ನಾನು ಅಗಿಯದೆ ನುಂಗಿದೆ. ಮಾವ ಮಾತ್ರ ಹೃದಯದ ರಕ್ತನಾಳಗಳನ್ನು ಒಂದೊಂದಾಗಿ ವಿವರಿಸುತ್ತಲೇ ಇದ್ದರು.

ಹುಡುಗ ತಟ್ಟೆ ಕೆಳಗಿಟ್ಟ. “ತಪ್ಪ ತಿಳ್ಕೋಬ್ಯಾಡ್ರಿ ಕಾಕಾರ, ಎಣ್ಣಿ ಕಮಟಾಗೇದ.”

“ಗಾಣದ ಎಣ್ಣಿ ಹಿಂಗೇ ಇರ್ತದ” ಎಂದು ಮಾವ ಗೊಣಗಿದರು. ಮುಖ ಮಾತ್ರ ಕೆಂಪಾಗಿತ್ತು.

ಬಂದವರು ಹೋದ ಮೇಲೆ ಮಾವ ತೀರ್ಪು ಕೊಟ್ಟರು. “ಹಿರಿಯರ ಮುಂದ ಹಿಂಗ ಮಾತಾಡೋ ಹುಡುಗ. ಈ ಸಂಬಂಧ ಬ್ಯಾಡ.”

ತಟ್ಟೆ ಎತ್ತುತ್ತಿದ್ದ ಮಗಳು ನಿಂತಳು. “ಎಲ್ಲಾರೂ ನಿನಗ ಸುಳ್ಳ ಹೇಳಿದ್ರು ಅಪ್ಪಾ. ಅವ ಒಬ್ಬನೇ ಖರೆ ಹೇಳಿದ. ನಾ ಅವನ್ನೇ ಮಾಡ್ಕೋತೇನಿ.”

ಅತ್ತೆ ಯಾರನ್ನೂ ಕೇಳದೆ ಬಾಟಲಿ ತೆಗೆದುಕೊಂಡು ಹೋಗಿ ಕಿರುಗುಟ್ಟುವ ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಅದರಿಂದ ಮನೆಯಲ್ಲಿ ಗುಣ ಕಂಡದ್ದು ಬಾಗಿಲುಗಳಿಗೆ ಮಾತ್ರ.

ಕೆಲವು ದಿನ ಮುನಿಸಿಕೊಂಡಿದ್ದು ಮಾವ ಒಪ್ಪಿದರು. ಮದುವೆಯಾಯಿತು, ಇಬ್ಬರೂ ಅಫಜಲಪುರದಲ್ಲಿ ಚೆನ್ನಾಗಿದ್ದಾರೆ. ಈಗ ವರ ಹುಡುಕುವ ನೆಂಟರು ಸಿಕ್ಕಾಗಲೆಲ್ಲ ಮಾವ ದನಿ ತಗ್ಗಿಸಿ ಹೇಳುತ್ತಾರೆ: “ಅಳಿಯನ ಪರೀಕ್ಷಾ ಮಾಡಬೇಕಂತ ನಾನೇ ಕೆಟ್ಟ ಎಣ್ಣಿ ಹಾಕ್ಸಿದ್ದೆ.”