ಗಾಡಿಯಿಲ್ಲದ ಗ್ಯಾರೇಜು

ನಮ್ಮ ಮನೆಗೆ ಸ್ಕೂಟರಿಗಿಂತ ಎಂಟು ವರ್ಷ ಮೊದಲು ಗ್ಯಾರೇಜು ಬಂತು. ನಗಬೇಡಿ. ಎಪ್ಪತ್ತರ ದಶಕದಲ್ಲಿ ಸ್ಕೂಟರಿಗೆ ಹೆಸರು ಬರೆಸಿದವರ ಪಾಲಿಗೆ ಕಾಯುವುದೂ ಒಂದು ವ್ರತವಾಗಿತ್ತು. ಹೆಸರು ಬರೆಸಿದಾಗ ನನ್ನ ಮಗಳು ಹುಟ್ಟಿರಲಿಲ್ಲ, ಗಾಡಿ ಅಂಗಳಕ್ಕೆ ಬರುವ ಹೊತ್ತಿಗೆ ಅವಳು ಹತ್ತರ ತನಕ ಮಗ್ಗಿ ಒಪ್ಪಿಸುತ್ತಿದ್ದಳು. ನಮ್ಮವರು ಮಾತ್ರ ಭಾಳ ಮುಂದಾಲೋಚನೆಯ ಮನುಷ್ಯ. ಭೋಸರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದ ಅವರಿಗೆ ಸಾವಿರಾರು ನಟ್ಟು ಬೋಲ್ಟುಗಳ ಹೆಸರು, ನಂಬರು ಎಲ್ಲ ಬಾಯಿಪಾಠ. ಕೈಗೆ ಮಾತ್ರ ಅವುಗಳ ಪರಿಚಯವಿರಲಿಲ್ಲ. ಪುಣೆಯ ಸದಾಶಿವ ಪೇಠೆಯಲ್ಲಿ ನಾವು ಬಾಡಿಗೆಗಿದ್ದ, ಐದು ಸಂಸಾರಗಳ ಹಳೆಯ ವಾಡೆಯ ಅಂಗಳದ ಮೂಲೆಯಲ್ಲಿ, ಹಿಂದೆ ಮಾಲಕರ ಟಾಂಗಾ ನಿಲ್ಲುತ್ತಿದ್ದ ಕಲ್ಲುಗೋಡೆಯ ಶೆಡ್ಡೊಂದು ಖಾಲಿ ಬಿದ್ದಿತ್ತು. ಸ್ಕೂಟರಿಗೆ ಹೆಸರು ಬರೆಸಿದ ವಾರವೇ ಅದನ್ನೂ ಬಾಡಿಗೆಗೆ ಹಿಡಿದು, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ದೇವರ ಮಾಡದಲ್ಲಿ ತಂದಿಟ್ಟರು. 'ಗ್ಯಾರೇಜ್ ಆಹೆ, ಗಾಡಿ ನಾಹೀ', ಗ್ಯಾರೇಜಿದೆ, ಗಾಡಿಯಿಲ್ಲ, ಎಂದು ವಾಡೆಯ ಮರಾಠಿ ಮಂದಿ ಬೆನ್ನ ಹಿಂದೆ ನಗುತ್ತಿದ್ದರು, ಒಮ್ಮೊಮ್ಮೆ ಎದುರಿಗೇ.

ಖಾಲಿ ಜಾಗ ಕಂಡರೆ ಕೆಲವರಿಗೆ ವೈರಾಗ್ಯ ಬರುತ್ತದಂತೆ. ನನಗೆ ಕೈ ತುರಿಸುತ್ತದೆ. ಗದಗಿನಲ್ಲಿ ನನ್ನ ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಕೆಟ್ಟು ನಿಂತ ವಸ್ತು ಅಂದರೆ ಅಳುವ ಕೂಸಿದ್ದ ಹಾಗೆ, ಎತ್ತಿಕೊಳ್ಳದೆ ಇರಲು ಆಗುವುದಿಲ್ಲ. ಮದುವೆಯಾಗಿ ಪುಣೆಗೆ ಬಂದ ಮೇಲೆ ಒಂದು ದಿನ ನಮ್ಮ ಪಂಪ್ ಸ್ಟೋವು ಕೈಕೊಟ್ಟಿತು. ಭಾನುವಾರ ರಿಪೇರಿಯವನ ಹತ್ತಿರ ಒಯ್ದರಾಯಿತು ಎಂದು ನಮ್ಮವರು ಹೇಳಿ ಹೋದರು. ಭಾನುವಾರದ ತನಕ ಉಪವಾಸ ಇರುವವರು ಯಾರು? ಅವರು ಬಸ್ಸು ಹತ್ತಿದ್ದೇ ತಡ, ದೇವರ ಮಾಡದಿಂದ ಬೀಗದ ಕೈ ತೆಗೆದು, ಸ್ಟೋವನ್ನು ಶೆಡ್ಡಿಗೆ ಒಯ್ದು, ಬಿಚ್ಚಿ, ಪಂಪಿನ ಒಣಗಿದ ಚರ್ಮದ ವಾಷರಿಗೆ ಎಣ್ಣೆ ಕುಡಿಸಿ, ಮತ್ತೆ ಜೋಡಿಸಿ, ಮಧ್ಯಾಹ್ನಕ್ಕೆ ಸಾರು ಕುದಿಸಿದೆ. ಆ ಸಾರು ಎಂಥ ರುಚಿಯಾಗಿತ್ತು ಅಂತೀರಿ! ಅವತ್ತಿನಿಂದ ಬೀಗದ ಕೈ ದೇವರ ಮಾಡಕ್ಕೆ ವಾಪಸು ಹೋಗಲಿಲ್ಲ, ನನ್ನ ಸೆರಗಿನ ತುದಿಯಲ್ಲೇ ಉಳಿಯಿತು.

ಹತಾರಗಳು ಒಂದೊಂದಾಗಿ ಬಂದವು. ಜುನಾ ಬಾಜಾರ ಅಂತ ಇದೆಯಲ್ಲ, ಬುಧವಾರ ಮತ್ತು ಭಾನುವಾರ ನೆಲದ ಮೇಲೆ ಗೋಣಿ ಹಾಸಿ, ಜಗತ್ತು ಬೇಡವೆಂದದ್ದನ್ನೆಲ್ಲ ಹರವಿ ಕೂತಿರುವ ಸಂತೆ, ಅದೇ ನನ್ನ ಸೀರೆ ಅಂಗಡಿ. ಹಿಡಿ ಇಲ್ಲದ ಸುತ್ತಿಗೆ, ಹಲ್ಲು ಮೊಂಡಾದ ಗರಗಸ, ಕೈಯಿಂದ ತಿರುಗಿಸುವ ಡ್ರಿಲ್ಲು, ನಟ್ಟು ತಿರುಗಿಸುವ ನಾಲ್ಕು ಪಾನಾ, ತಂತಿ ಹಿಡಿದು ಎಳೆಯುವ ಒಂದು ಪಕ್ಕಡ, ಹೀಗೆ. ಎಲ್ಲಕ್ಕಿಂತ ದೊಡ್ಡ ಬೇಟೆಯೆಂದರೆ ಒಂದು ವೈಸು; ಯಾವ ವಸ್ತುವನ್ನಾದರೂ ಎರಡು ದವಡೆಗಳ ನಡುವೆ ಕಚ್ಚಿ ಹಿಡಿದು ಅಲುಗದಂತೆ ನಿಲ್ಲಿಸುವ ಆ ಕಬ್ಬಿಣದ ಗುಂಡನ್ನು ರಿಕ್ಷಾದಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಾಗ, ರಿಕ್ಷಾದವನು ಇದು ಯಾವ ದೇವರು ತಾಯೀ ಎಂದು ಮರಾಠಿಯಲ್ಲಿ ಕೇಳಿದ್ದ. ಹಿಡಿದದ್ದನ್ನು ಬಿಡದ ದೇವರು ಎಂದೆ. ಹಳೆಯ ಬಾಗಿಲಿನ ತೇಗದ ಹಲಗೆಗೆ ನಾಲ್ಕು ಕಾಲು ಜಡಿದು ಮೇಜು ಮಾಡಿ, ಆ ದೇವರನ್ನು ಮೂರು ಬೋಲ್ಟಿನಿಂದ ಪ್ರತಿಷ್ಠಾಪಿಸಿದೆ.

ಹೆಂಗಸರಿಗೆ ಇವೆಲ್ಲ ಹೇಗೆ ಬರುತ್ತವೆ ಎಂದು ಬೆರಗಾಗುವವರನ್ನು ಕಂಡರೆ ನನಗೇ ಬೆರಗು. ದಿನಾ ಬೆಳಗಾದರೆ ಈಳಿಗೆಯ ಅಲಗಿಗೆ ಬೆರಳು ಒಡ್ಡಿ, ಕೆಂಪಗೆ ಕಾದ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ, ರೊಟ್ಟಿಯನ್ನು ಕೈಯಳತೆಯಲ್ಲೇ ಚಂದ್ರನಷ್ಟು ಗುಂಡಗೆ ಬಡಿಯುವವಳಿಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯುವುದು ದೊಡ್ಡ ವಿದ್ಯೆಯೇ? ಇಕ್ಕಳವೂ ಪಕ್ಕಡವೂ ಅಕ್ಕತಂಗಿಯರು. ಒಬ್ಬಳನ್ನು ಅಡುಗೆಮನೆಗೆ ಕೊಟ್ಟರು, ಇನ್ನೊಬ್ಬಳನ್ನು ಕಾರ್ಖಾನೆಗೆ ಕೊಟ್ಟರು, ಅಷ್ಟೇ. ಹತಾರಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹಿಡಿತ ಒಂದೇ. ಮೊದಮೊದಲು ಸ್ಕ್ರೂ ಜಾರಿದಾಗೆಲ್ಲ ನಾನೂ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಸ್ಕ್ರೂ ಡ್ರೈವರನ್ನೇ ಬೈಯುತ್ತಿದ್ದೆ. ಆಮೇಲೆ ತಿಳಿಯಿತು, ತಿರುಗಿಸುವುದಕ್ಕಿಂತ ಒತ್ತಿ ಹಿಡಿಯುವುದು ಮುಖ್ಯ ಎಂದು. ಸಂಸಾರದಲ್ಲೂ ಇದು ನಿಜವೇ ಎಂದು ನೀವು ಕೇಳಬಹುದು. ನನ್ನನ್ನೇನು ಕೇಳುತ್ತೀರಿ, ನಿಮ್ಮ ಮನೆಯವರನ್ನು ಕೇಳಿ.

ಪುಣೆಯ ಆ ಭಾಗದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ದೇವರಿಗೂ ನಿದ್ದೆಯ ಹೊತ್ತು. ನನಗೆ ಪುರುಸೊತ್ತು ಸಿಗುತ್ತಿದ್ದದ್ದೂ ಆಗಲೇ. ನಾನು ಸುತ್ತಿಗೆ ಹಿಡಿದ ನಾಲ್ಕನೆಯ ದಿನಕ್ಕೆ ಶೆಡ್ಡಿನ ಬಾಗಿಲ ಮೇಲೆ ಮಾಲಕರ ಕೈಬರಹದ ಫಲಕ ಬಂತು: ಒಂದರಿಂದ ನಾಲ್ಕರವರೆಗೆ ಸುತ್ತಿಗೆಯೂ ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು. ನಾನು ಜಗಳವಾಡಲಿಲ್ಲ. ಸದ್ದಿಲ್ಲದ ಕೆಲಸಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ, ಮರಳುಕಾಗದ ಉಜ್ಜುವುದು, ಬಣ್ಣ ಹಚ್ಚುವುದು, ಅಂಟು ಹಾಕಿ ಕಾಯುವುದು. ಮಾಲಕರ ಆರಾಮ ಕುರ್ಚಿಯ ಕಾಲು ಮುರಿದ ದಿನ ಅವರೇ ಮಧ್ಯಾಹ್ನ ಎರಡು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ನಾನು ಫಲಕದ ಕಡೆ ಕೈ ತೋರಿಸಿದೆ. ಮರುದಿನ ಫಲಕ ಇರಲಿಲ್ಲ.

ಇಷ್ಟೆಲ್ಲ ಜಂಬ ಕೊಚ್ಚಿದ ಮೇಲೆ ನನ್ನ ಗೋಡೆ ಹಲಗೆಯ ಕತೆಯನ್ನೂ ಹೇಳಿಬಿಡುತ್ತೇನೆ. ಅಡುಗೆಮನೆಗೆ ಡಬ್ಬಿ ಇಡಲು ಒಂದು ಹಲಗೆ ಕೂಡಿಸಿದೆ. ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ಒಂದು ಕೂದಲೆಳೆಯೂ ಆಚೀಚೆ ಸರಿಯದ ಹಾಗೆ ಕೂಡಿಸಿದ್ದೆ. ಮನೆಗೆ ಬಂದವರೆಲ್ಲ ಮಾತ್ರ ಹಲಗೆ ಓರೆಯಾಗಿದೆ ಅನ್ನುತ್ತಿದ್ದರು! ಕೊನೆಗೆ ತಿಳಿಯಿತು, ನೂರು ವರ್ಷದ ವಾಡೆಯ ನೆಲ, ತೊಲೆ, ಕಿಟಕಿ ಎಲ್ಲವೂ ಎಡಕ್ಕೆ ವಾಲಿದ್ದವು; ಎಲ್ಲವೂ ಒಟ್ಟಿಗೆ ವಾಲಿದ ಮನೆಯಲ್ಲಿ ನೆಟ್ಟಗಿರುವುದು ಒಂದೇ ಒಂದಾದರೆ ಅದೇ ಡೊಂಕಾಗಿ ಕಾಣುತ್ತದೆ. ಇದನ್ನು ತಿಳಿದುಕೊಂಡ ಮೇಲೂ ನಾನು ಹಲಗೆಯನ್ನು ಬದಲಿಸಲಿಲ್ಲ. ಮನೆಯ ಓರೆಗೆ ತಕ್ಕಂತೆ ವಾಲುವುದು ಹಲಗೆಯ ಕೆಲಸವಲ್ಲ, ಡಬ್ಬಿ ಜಾರದಂತೆ ಹಿಡಿಯುವುದು ಅದರ ಕೆಲಸ.

ಓರೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನನ್ನ ಅತ್ತೆ. ಗುಳೇದಗುಡ್ಡದವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಪುಣೆಗೆ ಬಂದಿದ್ದರು. ಮರಾಠಿ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ, ಹಾಗಾಗಿ ಅವರ ಮಾತೆಲ್ಲ ನನ್ನ ಪಾಲಿಗೇ ಉಳಿಯುತ್ತಿತ್ತು. ಶೆಡ್ಡಿನ ಹೊಸ್ತಿಲಾಚೆ ಮಣೆ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತ, ಬಳೆ ತೊಟ್ಟ ಕೈಗೆ ಗರಗಸ ಎಷ್ಟು ಛಂದ ಒಪ್ಪತದ ನೋಡು ಎಂದು ಅಕ್ಕಿಗೆ ಹೇಳುವಂತೆ ಹೇಳುತ್ತಿದ್ದರು. ಎಂಟು ವರ್ಷದಲ್ಲಿ ಒಂದು ದಿನವೂ ಹೊಸ್ತಿಲು ದಾಟಿ ಒಳಗೆ ಕಾಲಿಡಲಿಲ್ಲ. ಒಂದು ದಿನವೂ ಅಲ್ಲಿಂದ ಎದ್ದು ಹೋಗಲೂ ಇಲ್ಲ. ಆ ಎರಡನೆಯ ಮಾತನ್ನು ನಾನು ಆಗ ಗಮನಿಸಿರಲಿಲ್ಲ.

ಸ್ಕೂಟರಿನ ಕಾಗದ ಬಂದದ್ದು ನವರಾತ್ರಿಗೆ ಎರಡು ವಾರ ಮುಂಚೆ. ನಮ್ಮವರು ಅದನ್ನು ಓದಿ ಓದಿ ಮಡಿಕೆಯ ಜಾಗದಲ್ಲಿ ಹರಿಯುವ ಹಾಗೆ ಮಾಡಿದರು. ದಸರಾ ದಿನ ಗಾಡಿ ತರುವುದೆಂದು ನಿಶ್ಚಯವಾಯಿತು, ಅದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ? ಭೋಸರಿಗೆ ಎರಡು ಬಸ್ಸು ಬದಲಿಸಿ, ಹತ್ತು ವರ್ಷ ನಿಂತೇ ಹೋಗಿ ಬಂದ ಮನುಷ್ಯನ ಸಂತೋಷ ಅದು. ಅದರ ಮೇಲೆ ನಾನು ಮಣ್ಣು ಹಾಕಲಾರೆ. ಹಿಂದಿನ ದಿನ, ಅಂದರೆ ಖಂಡೇನವಮಿಗೆ, ಗ್ಯಾರೇಜು ಖಾಲಿಯಾಗಬೇಕು ಎಂದರು. ಸಾಮಾನೆಲ್ಲ ಮಂಚದ ಕೆಳಗೆ ಇಟ್ಟರಾಯಿತು, ಬೇಕಾದಾಗ ತೆಗೆದುಕೊಳ್ಳಬಹುದು ಎಂದೂ ಸೇರಿಸಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ವೈಸು ಮಂಚದ ಕೆಳಗಿದ್ದರೆ ಅದು ವೈಸಲ್ಲ, ಬರೀ ಕಬ್ಬಿಣ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಜಾಗ ಅವರ ಹೆಸರಿನಲ್ಲಿ ಹಿಡಿದದ್ದು, ಗಾಡಿಗಾಗಿ ಹಿಡಿದದ್ದು. ನ್ಯಾಯವೆಲ್ಲ ಅವರ ಕಡೆಗೇ ಇತ್ತು. ಆಯಿತ್ರಿ ಎಂದೆ. ಎಲ್ಲದಕ್ಕೂ ಎದುರುತ್ತರ ಕೊಡುವ ನಾನು ಅವತ್ತು ಒಂದೇ ಶಬ್ದದಲ್ಲಿ ಒಪ್ಪಿಕೊಂಡೆ, ಯಾಕೆಂದರೆ ಇನ್ನೊಂದು ಶಬ್ದ ಆಡಿದ್ದರೆ ಅತ್ತುಬಿಡುತ್ತಿದ್ದೆ. ಆ ಎರಡು ವಾರ ವಾಡೆಯವರ ಬಾಕಿ ಕೆಲಸಗಳನ್ನೆಲ್ಲ ಮುಗಿಸಿ ಕೊಟ್ಟೆ. ಅತ್ತೆ ಹೊರಗೆ ಕೂತು ಅಕ್ಕಿ ಆರಿಸುತ್ತಲೇ ಇದ್ದರು, ಆದರೆ ಒಂದೂ ಕೊಂಕು ಆಡಲಿಲ್ಲ.

ಖಂಡೇನವಮಿ ನಿಮಗೆ ಗೊತ್ತಿರಬೇಕು. ಅವರವರ ಅನ್ನದ ಹತಾರವನ್ನು ತೊಳೆದು, ಕುಂಕುಮವಿಟ್ಟು ಪೂಜಿಸುವ ದಿನ. ಒಮ್ಮೆ ಪೂಜೆಗೆ ಕೂತ ಹತಾರವನ್ನು ದಸರೆಯ ಪೂಜೆ ಮುಗಿಯುವ ತನಕ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಪ್ರತಿ ವರ್ಷ ನಮ್ಮವರ ಪೆನ್ನು, ಅತ್ತೆಯ ಈಳಿಗೆ ಮತ್ತು ಒರಳು ಪೂಜೆಗೆ ಕೂಡುತ್ತಿದ್ದವು. ನನ್ನ ಸುತ್ತಿಗೆ ಗರಗಸಗಳನ್ನು ಯಾರೂ ಕರೆದಿರಲಿಲ್ಲ, ನಾನೂ ಒಯ್ದಿರಲಿಲ್ಲ. ಹುಚ್ಚಿನ ಸಾಮಾನಿಗೆಲ್ಲ ದೇವರ ಮುಂದೆ ಏನು ಕೆಲಸ ಎಂದು ನನಗೂ ಒಳಗೊಳಗೆ ಅನಿಸಿತ್ತೋ ಏನೋ.

ಆ ಬೆಳಗ್ಗೆ ಸ್ನಾನ ಮಾಡಿ, ವೈಸಿನ ಬೋಲ್ಟು ಬಿಚ್ಚಿ ಸಾಮಾನು ತುಂಬುವುದೆಂದು ಎರಡು ಖಾಲಿ ಗೋಣಿಚೀಲ ಹಿಡಿದು ಕೆಳಗೆ ಹೋದೆ. ಶೆಡ್ಡಿನ ಬಾಗಿಲು ತೆರೆದಿತ್ತು; ನನ್ನ ಸೆರಗಿನ ಬೀಗದ ಕೈಯನ್ನು ನಸುಕಿನಲ್ಲೇ ಯಾರೋ ಬಿಚ್ಚಿಕೊಂಡಿದ್ದರು. ಮೇಜನ್ನು ತೊಳೆದು ಹಸಿರು ರವಿಕೆ ಖಣ ಹಾಸಿದ್ದರು. ಅದರ ಮೇಲೆ ನನ್ನ ಸುತ್ತಿಗೆ, ಗರಗಸ, ಉಳಿ, ಪಾನಾ, ಪಕ್ಕಡ, ಕೊನೆಗೆ ಅಳತೆಯ ಟೇಪು ಕೂಡ, ಸಾಲಾಗಿ, ಒಂದೊಂದಕ್ಕೂ ಕುಂಕುಮ. ವೈಸಿನ ಕುತ್ತಿಗೆಗೆ ಚೆಂಡುಹೂವಿನ ಮಾಲೆ, ಮುಂದೆ ದೀಪ, ಒಡೆದ ತೆಂಗಿನಕಾಯಿ. ಅತ್ತೆ ಒಳಗೆ, ಮಣೆಯ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈಯಿಂದ ಗೋಣಿಚೀಲ ಯಾವಾಗ ಜಾರಿತೋ ಗೊತ್ತಾಗಲಿಲ್ಲ.

ಹಿಂದೆಯೇ ನಮ್ಮವರು ಬಂದರು. ನೋಡಿದರು. ನಿಂತರು.

"ಅವ್ವಾ, ನಾಳೆ ಗಾಡಿ ಬರತದ."

"ಬರಲಿ. ಅಂಗಳದಾಗ ನಿಲ್ಲಲಿ. ಪೂಜಿಗೆ ಕುಂತ ಹತಾರ ನಾಳಿ ತನಕ ಯಾರೂ ಮುಟ್ಟಂಗಿಲ್ಲ."

ಹಾಗಾದರೆ ನಾಡಿದ್ದು ತೆಗೆದರಾಯಿತೇ ಎಂದು ನಮ್ಮವರು ಮೆಲ್ಲಗೆ ಕೇಳಿದರು. ಅತ್ತೆ ದೀಪದ ಬತ್ತಿಯನ್ನು ಸರಿಮಾಡಿದರು. ಮಾತಾಡಿದಾಗ ಅವರು ಮಗನ ಕಡೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

"ನಾ ತವರಿನ್ಯಾಗ ಹನ್ನೆರಡನೇ ವರ್ಷಕ್ಕ ಖಣ ನೇಯತಿದ್ದೆ. ಮದುವ್ಯಾಗಿ ಬಂದಾಗ ಗಂಡನ ಮನ್ಯಾಗೂ ಮಗ್ಗ ಇತ್ತು. ನಿಮ್ಮಪ್ಪ ಅಂಗಡಿ ಹಾಕ್ತೀನಂತ ಮಗ್ಗ ಕಿತ್ತಿ, ಕಾಲ ಇಳಿಬಿಡೋ ಕುಣಿ ಮುಚ್ಚಿ, ಅದರ ಮ್ಯಾಲ ಶೇಂಗಾ ಚೀಲ ಒಟ್ಟಿದ್ರು. ನಾ ಅವತ್ತ ಒಂದ ಮಾತ ಆಡಲಿಲ್ಲ. ನಲವತ್ತ ವರ್ಷ ಆತು. ಇನ್ನೂ ಕೈ ಸುಮ್ನ ಕೂಡಂಗಿಲ್ಲ, ಅದಕ್ಕ ಆರಿಸಿದ ಅಕ್ಕೀನ ಮತ್ತ ಆರಸ್ತೀನಿ."

ನಮ್ಮವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮೇಜಿಗೆ ಕೈಮುಗಿದು, ಬಿದ್ದಿದ್ದ ಗೋಣಿಚೀಲಗಳನ್ನು ಎತ್ತಿಕೊಂಡು ಹೋದರು. ಮರುದಿನ ಬಂದ ಹೊಸ ಸ್ಕೂಟರಿಗೆ ಆ ಚೀಲಗಳನ್ನೇ ಹೊದಿಸಿ ಅಂಗಳದಲ್ಲಿ ನಿಲ್ಲಿಸಿದರು; ಮುಂದೆ ನಾನು ಅದಕ್ಕೊಂದು ತಗಡಿನ ಚಪ್ಪರ ಕಟ್ಟಿಕೊಟ್ಟೆ, ಅದರ ಕೆಳಗೇ ಅದು ಹನ್ನೆರಡು ವರ್ಷ ಸುಖವಾಗಿತ್ತು.

ಆದರೆ ನಾನು ಆ ಬೆಳಗಿನ ಮಾತು ಹೇಳುತ್ತಿದ್ದೆ. ಅವರು ಹೋದ ಮೇಲೆ ನಾನು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಳು ಬಂತು, ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಅತ್ತು ಮುಗಿದ ಮೇಲೆ, ಈ ಕಲ್ಲುನೆಲದಲ್ಲಿ ಕುಣಿ ತೋಡಲು ಬರುವುದಿಲ್ಲ, ಆದರೆ ಕಟ್ಟಿಗೆಯ ಚೌಕಟ್ಟಿನ ಮೇಲೆ ನಿಲ್ಲುವ ಸಣ್ಣ ಮಗ್ಗ ಮಾಡಬಹುದು, ಖಣದ ಅಗಲ ಎಷ್ಟಿರಬೇಕು ಎಂದು ಕೇಳಿದೆ. ಇಂಚು ಗಿಂಚು ಅವರಿಗೆ ಗೊತ್ತಿರಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಮೊಣಕೈಯಿಂದ ಬೆರಳ ತುದಿಯ ತನಕ ತೋರಿಸಿದರು, ನಾ ನೇಯತಿದ್ದದ್ದು ಇಷ್ಟು ಎಂದು. ಟೇಪು ಪೂಜೆಗೆ ಕೂತಿತ್ತು, ಮುಟ್ಟುವಂತಿರಲಿಲ್ಲ. ನಾನು ಅವರ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಗೇಣು ಹಾಕಿ ಅಳೆದೆ. ಸರಿಯಾಗಿ ಎರಡು ಗೇಣು.