ಬೀಗ ಹಾಕಿದ ಮನೆಗೆ ಒಂದು ದಾರಿ

ಮೇಷ್ಟ್ರು ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಕಚೇರಿಯ ತಮ್ಮ ಕುರ್ಚಿಯಲ್ಲೇ ತೀರಿಕೊಂಡರು. ಹೃದಯ ನಿಂತಿತು ಎಂದರು ವೈದ್ಯರು. ಐವತ್ತೆರಡು ವರ್ಷ. ಪಕ್ಕದ ಮೇಜಿನಲ್ಲಿ ಕೂತು ಗ್ರಾಹಕರ ಕರೆಗಳಿಗೆ ಉತ್ತರಿಸುವುದು ನನ್ನ ಕೆಲಸ. ಒಂಬತ್ತು ವರ್ಷ ಹಾಗೆ ಪಕ್ಕಪಕ್ಕ ಕೂತಿದ್ದೆವು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹದಿನೆಂಟು ವರ್ಷ ಮನೆಮನೆಗೆ ಹೋಗಿ ವಾಷಿಂಗ್ ಮಷೀನ್ ರಿಪೇರಿ ಮಾಡಿದವರು. ಒಮ್ಮೆ ಮಷೀನ್ ಹೊತ್ತು ಮೆಟ್ಟಿಲಿಳಿಯುವಾಗ ಮೊಣಕಾಲು ಹೋಯಿತು. ಕಂಪನಿ ಅವರನ್ನು ಕಿಟಕಿಯಿಲ್ಲದ ಈ ಕೋಣೆಯಲ್ಲಿ ತಂದು ಕೂರಿಸಿತು. ಗ್ರಾಹಕರ ದೂರು, ವಿಳಾಸಗಳನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನಲ್ಲಿ, ಮೆಕ್ಯಾನಿಕ್‌ಗಳ ಮೊಬೈಲಿಗೆ ಕೆಲಸದ ಹೆಜ್ಜೆಗಳನ್ನು ಜೋಡಿಸಿಕೊಡಬೇಕು. ಮೊದಲು ಮಷೀನಿನ ಫೋಟೋ, ಆಮೇಲೆ ಕೆಟ್ಟದ್ದು ಏನು, ಹಾಕಿದ ಭಾಗ ಯಾವುದು, ಕೊನೆಗೆ ಪರದೆಯ ಮೇಲೆ ಗ್ರಾಹಕರ ಬೆರಳಿನ ಸಹಿ. ಒಂದು ಹೆಜ್ಜೆ ತುಂಬದೆ ಮುಂದಿನದು ತೆರೆಯದು. ಒಂದು ಮನೆ ಮುಗಿಯದೆ ಮುಂದಿನ ಮನೆಯ ವಿಳಾಸ ಸಿಗದು. ಮೆಕ್ಯಾನಿಕ್‌ಗಳು ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟದ್ದು ಅದಕ್ಕೇ.

"ಮೇಷ್ಟ್ರೇ, ಒಂದಕ್ಕೆ ಹೋಗೋಕೂ ಫೋಟೋ ತೆಗೀಬೇಕಾ?" ಎಂದು ಫೋನಿನಲ್ಲಿ ಕೀಟಲೆ ಮಾಡುತ್ತಿದ್ದರು.

"ತೆಗಿ. ಪಕ್ಕದಲ್ಲಿ ನಿಂತಿರೋನ ಸಹಿನೂ ಹಾಕಿಸ್ಕೊಂಡು ಬಾ."

ಒಂದೇ ಕಡೆ ಎಡವಿದರು. ಮನೆಗೆ ಬೀಗ ಹಾಕಿದ್ದರೂ ಸಹಿ ಕಡ್ಡಾಯವೆಂದು ಜೋಡಿಸಿಬಿಟ್ಟರು. ಅವರು ಮನೆಮನೆ ತಿರುಗುತ್ತಿದ್ದ ಕಾಲದಲ್ಲಿ ಇಂಥ ಹೊತ್ತಿನಲ್ಲಿ ನೆರೆಮನೆಯವರು ಚೀಟಿಯ ಮೇಲೆ ಸಹಿ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ ಎಂದುಕೊಂಡರು. ಗುರುತಿಲ್ಲದವನ ಫೋನಿಗೆ ಬೆರಳು ತಾಗಿಸಲು ಈಗ ಯಾರು ಒಪ್ಪುತ್ತಾರೆ?

ಮೊದಲು ಸಿಕ್ಕಿಕೊಂಡವನು ಅವರ ಹೆಂಡತಿಯ ತಮ್ಮ. ಅವನೂ ನಮ್ಮಲ್ಲೇ ಮೆಕ್ಯಾನಿಕ್.

"ಭಾವ, ಅರ್ಧ ಗಂಟೆಯಿಂದ ಬೀಗ ನೋಡ್ಕೊಂಡು ನಿಂತಿದೀನಿ. ಇದು ಮುಂದಕ್ಕೂ ಬಿಡ್ತಿಲ್ಲ, ಹಿಂದಕ್ಕೂ ಬಿಡ್ತಿಲ್ಲ."

"ಸದ್ಯಕ್ಕೆ ನೀನೇ ಏನಾದ್ರೂ ಗೀಚಿಬಿಡು ಕಣೋ. ಮುಂದಿನ ವಾರ ಸರಿ ಮಾಡ್ತೀನಿ."

ಆ ಮಾತು ನನ್ನ ಕಿವಿಗೂ ಬಿತ್ತು. ಆದರೆ ಹೆಜ್ಜೆ ಬದಲಿಸಲು ಮ್ಯಾನೇಜರರ ಒಪ್ಪಿಗೆ ಬೇಕು. ಮೇಷ್ಟ್ರು ಮೂರು ಸಲ ಬರೆದು ಕೇಳಿದರು. "ನೋಡೋಣ ರೀ, ಈಗೇನು ಅವಸರ?" ಎಂಬುದೇ ಉತ್ತರ. ಏಳು ತಿಂಗಳಾಯಿತು.

ಅವರು ತೀರಿಕೊಂಡ ವಾರದ ಸೋಮವಾರ ಒಬ್ಬ ಗ್ರಾಹಕಿಯ ಕರೆ ಬಂತು. ಎತ್ತಿಕೊಂಡವನು ನಾನೇ. "ನಾನು ಊರಲ್ಲೇ ಇರ್ಲಿಲ್ಲ, ನನ್ನ ಸಹಿ ಹೇಗ್ರೀ ಬಂತು?" ಹುಡುಕಿದಾಗ ಭಾವಮೈದುನನ ಹೆಸರಿನಲ್ಲಿ ಅಂಥದೇ ಗೀಚು ನಲವತ್ತೊಂದು ಸಿಕ್ಕವು. ಬರುವ ಶುಕ್ರವಾರ ಅವನನ್ನು ಕೆಲಸದಿಂದ ತೆಗೆಯುವುದೆಂದು ಅಂದೇ ತೀರ್ಮಾನವಾಯಿತು. ಗೀಚಲು ಹೇಳಿದ್ದು ಯಾರೆಂದು ಅವನು ಬಾಯಿ ಬಿಡಲಿಲ್ಲ.

ಅಲ್ಲಿಂದ ಮೂರು ದಿನ ಮೇಷ್ಟ್ರು ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. "ಹೇಳಿದ್ರೆ ಈ ಕುರ್ಚಿ ಹೋಗುತ್ತೆ," ಎಂದರು. "ಈ ಕಾಲಿಟ್ಕೊಂಡು ಯಾರ ಮನೆ ಮೆಟ್ಟಿಲು ಹತ್ತಲಿ? ಹೇಳ್ದೇ ಇದ್ರೆ ಮನೇಲಿ ಅವಳ ಮುಖ ನೋಡೋ ಹಾಗಿಲ್ಲ. ಗೀಚು ಅಂದಿದ್ದು ನಾನೇ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಇಷ್ಟು ವರ್ಷದಿಂದ ಅಲ್ಲೇ ಇದೀರಿ, ನನ್ನ ತಮ್ಮನ ಪರವಾಗಿ ಒಂದು ಮಾತಾಡೋಕಾಗಲ್ವಾ ಅಂತಾಳೆ."

"ನಾನೂ ಕೇಳಿಸ್ಕೊಂಡಿದ್ದೆ. ಬೇಕಾದ್ರೆ ಹೋಗಿ ಹೇಳ್ತೀನಿ," ಎಂದೆ.

"ನೀವು ಹೇಳಿದ್ರೆ ನಾನು ಬಚ್ಚಿಟ್ಕೊಂಡು ಸಿಕ್ಕಿಬಿದ್ದ ಹಾಗಾಗುತ್ತೆ. ನಾನೇ ಹೇಳ್ಬೇಕು ರೀ."

ಹಾಗಿದ್ದರೆ ಹೇಳಿಬಿಡಿ ಎಂದು ನಾನು ಒತ್ತಾಯಿಸಲಿಲ್ಲ. ಸುಮ್ಮನಿರಿ ಎಂದೂ ಅನ್ನಲಿಲ್ಲ. ನನ್ನ ಕುರ್ಚಿಗೇನೂ ಅಪಾಯವಿರಲಿಲ್ಲವಲ್ಲ.

ಗುರುವಾರ ಮೂರು ಗಂಟೆಗೆ ಮ್ಯಾನೇಜರರಿಗೂ ಅವರ ಮೇಲಿನವರಿಗೂ ಪತ್ರ ಬರೆದು, ಕಳಿಸುವ ಮೊದಲು ನನಗೆ ಓದಿ ಹೇಳಿದರು: "ಗೀಚು ಎಂದವನು ನಾನು. ಬೇರೆ ದಾರಿ ಇಡದವನೂ ನಾನೇ. ಹುಡುಗನದು ತಪ್ಪಿಲ್ಲ." ಆ ಪತ್ರ ಓದಿ ಮೇಲಿನವರು ಮರುದಿನ ಭಾವಮೈದುನನನ್ನು ಕೆಲಸದಲ್ಲಿ ಉಳಿಸಿಕೊಂಡರು. ಅದು ಮೇಷ್ಟ್ರಿಗೆ ತಿಳಿಯಲಿಲ್ಲ.

ಪತ್ರ ಹೋದ ಮೇಲೆ ಅವರು ಯಾರ ಒಪ್ಪಿಗೆಗೂ ಕಾಯಲಿಲ್ಲ. 'ಮನೆಯಲ್ಲಿ ಯಾರೂ ಇಲ್ಲ' ಎಂಬುದನ್ನು ಸಹಿಯಿಂದ ಬಿಡಿಸಿ ಹೊಸ ದಾರಿ ಹಾಕಿದರು: ಬೀಗದ ಫೋಟೋ, ಅಲ್ಲಿಗೆ ಮುಗಿಯಿತು. ಅದನ್ನು ಎಲ್ಲರ ಮೊಬೈಲಿಗೂ ಕಳಿಸಿದರು. ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಬೀಗ ಬೇಕಿತ್ತು. ಮ್ಯಾನೇಜರ್ ಹೊರಗೆ ಹೋಗಿದ್ದರು. ಮೇಷ್ಟ್ರು ಕುಂಟುತ್ತ ಹೋಗಿ ಅವರ ಕೋಣೆಯ ಬೀಗದ ಫೋಟೋ ತೆಗೆದು, ಕುಂಟುತ್ತ ಬಂದು ಕೂತು, 'ಮುಗಿಯಿತು' ಒತ್ತಿದರು. ಮುಂದಿನ ಮನೆಯ ವಿಳಾಸ ತೆರೆದುಕೊಂಡಿತು.

"ಬಂತು ನೋಡ್ರೀ," ಎಂದು ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು.